ಸೇತುವೆಯಾಯಿತು, ಹಿನ್ನೀರಿನ ದಂಡೆಯಲ್ಲಿ ತಲೆ ಎಣಿಸುವವರಾರು?

ಸಾಗರ: ಶರಾವತಿ ಹಿನ್ನೀರಿನ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆದುಕೊಂಡಿತು. ಸುಮಾರು 2.4 ಕಿ.ಮೀ. ಉದ್ದದ, ಕೇಬಲ್ ಆಧಾರಿತ ಈ ಸೇತುವೆ ತುಮರಿ ಸೀಮೆಯ ಜನರ ಆರು ದಶಕಗಳ ದ್ವೀಪವಾಸಕ್ಕೆ ತೆರೆ ಎಳೆಯಿತು. ಅದರ ಬೆನ್ನಿಗೇ ಕುಟುಂಬ ಪ್ರವಾಸಿಗರ ಲೆಕ್ಕಾಚಾರವೂ ಬದಲಾಗಿದೆ. ಜೋಗ ನೋಡಿ, ಸಿಗಂದೂರಿನಲ್ಲಿ ಕೈಮುಗಿದು ಊರಿಗೆ ಮರಳುತ್ತಿದ್ದವರು ಈಗ ‘ಒಂದು ದಿನ ಹಿನ್ನೀರಿಗೆ’ ಎಂದು ಮೀಸಲಿಡುತ್ತಿದ್ದಾರೆ. ಬಾಡಿಗೆಯ ಟೆಂಪೊ ಟ್ರಾವೆಲರ್, ಬುತ್ತಿ, ಅಜ್ಜ-ಅಜ್ಜಿ, ಮೂರ್ನಾಲ್ಕು ಮಕ್ಕಳು. ನೀರು ಕಂಡಲ್ಲಿ ಗಾಡಿ ನಿಲ್ಲುತ್ತದೆ, ಗಾಡಿ ನಿಂತಲ್ಲಿ ಮಕ್ಕಳು ಇಳಿಯುತ್ತಾರೆ.

ಇಂಥ ಪ್ರವಾಸದ ಯೋಜನೆಯೆಂದರೆ ಕೊಠಡಿ ಕಾಯ್ದಿರಿಸುವುದು, ಊಟದ ವ್ಯವಸ್ಥೆ ಮಾಡುವುದು ಎಂದೇ ನಾವು ಭಾವಿಸಿದ್ದೇವೆ. ಆದರೆ ನೀರಿನಂಚಿನಲ್ಲಿ ಮಗುವಿನ ಹೊಣೆ ಯಾರದು, ಯಾರು ಎಣಿಸುತ್ತಾರೆ, ಯಾರು ತಡೆಯುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಉಳಿದ ಯೋಜನೆಗೆ ಅರ್ಥವಿಲ್ಲ. ಸೇತುವೆಯ ನಂತರ ಶರಾವತಿ ಹಿನ್ನೀರಿನಲ್ಲಿ ಈ ಪ್ರಶ್ನೆ ಮೊದಲಿಗಿಂತ ತೀಕ್ಷ್ಣವಾಗಿದೆ.

ಹೊಳೆಗೊಂದು ಬಾಗಿಲಿತ್ತು

ಸಾಗರದ ಕಡೆಯಿಂದ ಲಾಂಚ್ ಹತ್ತುತ್ತಿದ್ದ ತಾಣದ ಹೆಸರೇ ಹೊಳೆಬಾಗಿಲು. ಹೆಸರಿಗೆ ತಕ್ಕಂತೆ ಅದು ಬಾಗಿಲೇ ಆಗಿತ್ತು. ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಲಾಂಚ್ ಎಷ್ಟು ವಾಹನ, ಎಷ್ಟು ಜನರನ್ನು ಹೊರಬಲ್ಲದೋ ಅಷ್ಟೇ ಜನ ಒಂದು ಸಲಕ್ಕೆ ದಾಟುತ್ತಿದ್ದರು. ರಜೆಯ ದಿನ ತಾಸುಗಟ್ಟಲೆ ಸರತಿ. ಸಂಜೆಯಾದರೆ ಸಂಚಾರ ಸ್ಥಗಿತ. ಮಳೆ ಕೈಕೊಟ್ಟ ವರ್ಷ ನೀರು ತಗ್ಗಿದರೆ, 2023ರ ಜೂನ್‌ನಲ್ಲಿ ಆದಂತೆ, ವಾಹನ ಹತ್ತಿಸುವುದೇ ನಿಲ್ಲುತ್ತಿತ್ತು.

ಆ ದಿನಗಳೇ ಚೆನ್ನಾಗಿದ್ದವು ಎಂದು ಯಾರಾದರೂ ಹೇಳಿದರೆ ಅದು ಪ್ರವಾಸಿಯ ಮಾತೇ ಹೊರತು ಊರವರ ಮಾತಲ್ಲ. ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಆರಂಭವಾದರೆ, ಹಾವು ಕಚ್ಚಿದರೆ, ಕಾಡಿನ ನಡುವಿನ ದೀರ್ಘ ಸುತ್ತುದಾರಿಯೊಂದೇ ಗತಿಯಾಗಿದ್ದ ಜನರಿಗೆ ಸೇತುವೆ ಉಪಕಾರವಲ್ಲ, ಬಹುಕಾಲದಿಂದ ಬಾಕಿಯಿದ್ದ ಹಕ್ಕು. ನಾಡಿಗೆ ಬೆಳಕು ಕೊಡಲು ಮನೆ, ಗದ್ದೆ, ತೋಟಗಳನ್ನು ನೀರಿಗೆ ಬಿಟ್ಟುಕೊಟ್ಟವರು ಅವರು. ಮುಳುಗಡೆ ಸಂತ್ರಸ್ತರಲ್ಲಿ ಅನೇಕರ ಭೂಮಿಯ ಹಕ್ಕಿನ ಪ್ರಶ್ನೆ ಇಂದಿಗೂ ಪೂರ್ತಿ ಬಗೆಹರಿದಿಲ್ಲ.

ಆದರೆ ಲಾಂಚ್ ತನಗರಿವಿಲ್ಲದೆಯೇ ಒಂದು ಕೆಲಸ ಮಾಡುತ್ತಿತ್ತು: ನೀರಿನ ಬಳಿಗೆ ಹೋಗುವವರನ್ನು ಒಂದು ಕಡೆ ಸೇರಿಸಿ, ಸಮವಸ್ತ್ರ ತೊಟ್ಟ ನಾಲ್ಕು ಕಣ್ಣುಗಳ ಮುಂದೆ ಹಾಯಿಸುತ್ತಿತ್ತು. ಸೇತುವೆಯ ಮೇಲೆ ಆ ಎಣಿಕೆಯಿಲ್ಲ. ಒಂದು ಬಾಗಿಲಿನ ಬದಲು ಈಗ ದಂಡೆಯುದ್ದಕ್ಕೂ ನೂರು ಕಿಂಡಿಗಳು. ಅಲ್ಲೆಲ್ಲ ಕಾವಲುಗಾರರಿಲ್ಲ, ಎಚ್ಚರಿಕೆಯ ಫಲಕವೂ ಎಲ್ಲ ಕಡೆ ಇಲ್ಲ.

ಇದು ಕೆರೆಯಲ್ಲ

ಹಿನ್ನೀರನ್ನು ಕೆರೆಯೆಂದು ತಿಳಿಯುವುದೇ ಮೊದಲ ಅಪಾಯ. ಊರ ಕೆರೆಗೆ ಏರಿಯಿದೆ, ತೂಬಿದೆ, ಮೆಟ್ಟಿಲಿದೆ. ಎಲ್ಲಿ ಆಳವೆಂದು ಹೇಳುವ ಹಿರಿಯರಿದ್ದಾರೆ. ಇದು 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿಂದೆ ಕಣಿವೆಗಳನ್ನೇ ತುಂಬಿ ನಿಂತ ನೀರು. ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ನಾವು ದಂಡೆಯೆಂದು ಕರೆಯುವುದು ವಾಸ್ತವವಾಗಿ ಗುಡ್ಡದ ಇಳಿಜಾರು. ದ್ವೀಪವೆಂದು ಕರೆಯುವುದು ಮುಳುಗಿದ ಗುಡ್ಡದ ನೆತ್ತಿ. ನೀರಿನಡಿಯಲ್ಲಿರುವುದು ಮರಳ ಹಾಸಲ್ಲ. ಅಲ್ಲಿ ಗದ್ದೆಯ ಅಂಚುಗಳಿವೆ, ತೋಟದ ಬಸಿಗಾಲುವೆಗಳಿವೆ, ಹಳೆಯ ರಸ್ತೆಗಳಿವೆ, ಒಣಗಿ ನಿಂತ ಮರಗಳ ಬೊಡ್ಡೆಗಳಿವೆ. ಮೊಣಕಾಲುದ್ದದ ನೀರಿನಲ್ಲಿ ನಡೆಯುತ್ತಿದ್ದ ಹುಡುಗ ಮುಂದಿನ ಹೆಜ್ಜೆಗೆ ತಲೆ ಮುಳುಗುವಷ್ಟು ಆಳಕ್ಕಿಳಿಯಬಹುದು. ಹುಟ್ಟು ಹಾಕುವವನಿಗೆ ಕಾಣದ ಬೊಡ್ಡೆ ದೋಣಿಯ ತಳಕ್ಕೆ ತಾಗಬಹುದು.

ಇನ್ನೊಂದು ವಿಚಾರವೆಂದರೆ ಈ ನೀರು ಒಂದೇ ಕಡೆ ನಿಲ್ಲುವುದಿಲ್ಲ. ವಿದ್ಯುತ್ ಉತ್ಪಾದನೆಗೆ ನೀರು ಹರಿಯುತ್ತಾ ಹೋದಂತೆ ದಂಡೆ ಹಿಂದೆ ಸರಿಯುತ್ತದೆ. ಮಳೆಗಾಲದ ಕೊನೆಯಿಂದ ಡಿಸೆಂಬರ್‌ವರೆಗೆ ತುಂಬಿದ ನೀರು, ಹಸಿರು ದ್ವೀಪಗಳು. ಚಿತ್ರಗಳಲ್ಲಿ ನೋಡಿ ಮೋಹಗೊಳ್ಳುವುದು ಈ ನೋಟಕ್ಕೆ. ಏಪ್ರಿಲ್-ಮೇ ವೇಳೆಗೆ, ಅಂದರೆ ಮಕ್ಕಳಿಗೆ ದೊಡ್ಡ ರಜೆ ಸಿಗುವ ಹೊತ್ತಿಗೆ, ಅದೇ ಜಾಗದಲ್ಲಿ ಕೆಂಪು ಮಣ್ಣಿನ ಬೋಳು ಇಳಿಜಾರು, ಅಂಚಿನಲ್ಲಿ ಕೆಸರು. ಅನೇಕ ದ್ವೀಪಗಳು ದಂಡೆಗೆ ಅಂಟಿಕೊಂಡು ದ್ವೀಪಗಳಾಗಿಯೇ ಉಳಿದಿರುವುದಿಲ್ಲ. ಆಗ ಬೇರೊಂದು ಭಾಗ್ಯವಿದೆ: ಲಿಂಗನಮಕ್ಕಿಗೂ ಮೊದಲು ಕಟ್ಟಿದ್ದ ಮಡೇನೂರಿನ ಹಿರೇಭಾಸ್ಕರ ಅಣೆಕಟ್ಟೆ ನೀರಿನಿಂದ ಮೇಲೇಳುತ್ತದೆ. ಅಣೆಕಟ್ಟೆಯನ್ನೇ ನುಂಗಿದ ಅಣೆಕಟ್ಟೆಯ ಕಥೆಯನ್ನು ಹತ್ತು ವರ್ಷದ ಮಗುವಿಗೆ ಹೇಳಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ. ಆದರೆ ದೋಣಿವಿಹಾರವೇ ಉದ್ದೇಶವಾದರೆ ದಸರಾ ರಜೆ ಅಥವಾ ಡಿಸೆಂಬರ್ ಒಳ್ಳೆಯದು. ಬೇಸಿಗೆಯಲ್ಲೇ ಬರಬೇಕಾದವರು ನೀರಿನ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿಕೊಳ್ಳಬೇಕು. ಮಧ್ಯಾಹ್ನದ ನಂತರ ಗುಡುಗು-ಸಿಡಿಲಿನ ಮಳೆ ಯಾವಾಗ ಕವಿಯುತ್ತದೆಂದು ಹೇಳಲಾಗದು. ಬಯಲಿನಂಥ ನೀರಿನ ನಡುವೆ ಬಿರುಗಾಳಿಗೆ ಸಿಕ್ಕ ದೋಣಿಗೆ ಆಸರೆಯಿಲ್ಲ.

ನಾಲ್ಕು ದುರಂತ, ಒಂದೇ ಲಿಪಿ

ಇದು ಸಾಗರ ತಾಲ್ಲೂಕೊಂದರ ಚಿಂತೆಯಲ್ಲ. ನೀರಿನ ಮೇಲಿನ ವಿಹಾರ ಎಲ್ಲೆಲ್ಲಿ ಜನಪ್ರಿಯವಾಯಿತೋ ಅಲ್ಲೆಲ್ಲ ಎಣಿಕೆ ತಪ್ಪಿದಾಗ ಏನಾಗುತ್ತದೆಂಬುದನ್ನು ದೇಶ ಮತ್ತೆ ಮತ್ತೆ ನೋಡಿದೆ.

2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಪ್ರವಾಸಿ ದೋಣಿ ಮಗುಚಿ 45 ಮಂದಿ ಸತ್ತರು. ಅದೂ ನೈಸರ್ಗಿಕ ಸರೋವರವಲ್ಲ, ಮುಲ್ಲಪೆರಿಯಾರ್ ಅಣೆಕಟ್ಟೆಯ ಹಿನ್ನೀರು. ದಡದ ಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದಾಗ ದೋಣಿ ವಾಲಿತೆಂದು ಆಗ ವರದಿಯಾಗಿತ್ತು. 2019ರ ಜನವರಿ 21ರಂದು ನಮ್ಮದೇ ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಸಮುದ್ರದಲ್ಲಿ ಮುಳುಗಿ 16 ಮಂದಿ ಬಲಿಯಾದರು. ಸತ್ತವರಲ್ಲಿ ಹಾವೇರಿ ಜಿಲ್ಲೆಯ ಒಂದೇ ಕುಟುಂಬದ ಹಲವರಿದ್ದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಕತ್ತಲಾಗುವ ಹೊತ್ತಿಗೆ ಹೊರಟ ವಿಹಾರದ ದೋಣಿ ಮಗುಚಿ 22 ಮಂದಿ ಸತ್ತರು, ಅವರಲ್ಲಿ ಮಕ್ಕಳೇ ಹೆಚ್ಚು. 2024ರ ಜನವರಿ 18ರಂದು ಗುಜರಾತಿನ ವಡೋದರದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ 12 ವಿದ್ಯಾರ್ಥಿಗಳು ಮತ್ತು ಇಬ್ಬರು ಶಿಕ್ಷಕಿಯರು ಜಲಸಮಾಧಿಯಾದರು. ಅದು ಊರೊಳಗಿನ ಕೆರೆ!

ಜಾಗ ಬೇರೆ, ನೀರು ಬೇರೆ. ಆದರೆ ಹೆಚ್ಚಿನ ಜನರನ್ನು ಹತ್ತಿಸಿದ ಆರೋಪ, ಜೀವರಕ್ಷಕ ಜಾಕೆಟ್‌ಗಳ ಕೊರತೆಯ ವರದಿ, ದುರಂತದ ಮರುದಿನ ಪರಿಹಾರದ ಘೋಷಣೆ, ನಂತರ ತನಿಖೆ, ಇವು ಮಾತ್ರ ಬದಲಾಗುವುದೇ ಇಲ್ಲ.

ಕಾನೂನು ಇಲ್ಲವೆನ್ನುವಂತಿಲ್ಲ. 1917ರ ಹಳೆಯ ಕಾಯ್ದೆಯ ಬದಲಿಗೆ ಕೇಂದ್ರ ಸರ್ಕಾರ 2021ರಲ್ಲಿ ಒಳನಾಡು ಹಡಗುಗಳ ಕಾಯ್ದೆಯನ್ನು ತಂದಿತು. ಯಂತ್ರಚಾಲಿತ ದೋಣಿಗೆ ನೋಂದಣಿ ಬೇಕು, ತಪಾಸಣೆಯ ಪ್ರಮಾಣಪತ್ರ ಬೇಕು, ವಿಮೆ ಬೇಕು. ಯಂತ್ರವಿಲ್ಲದ ದೋಣಿಗಳನ್ನು ಜಿಲ್ಲೆ, ತಾಲ್ಲೂಕು ಅಥವಾ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ದಾಖಲಿಸಿಕೊಳ್ಳಲು ಅವಕಾಶವಿದೆ. ಅಂದರೆ ಹಿನ್ನೀರಿನ ತೆಪ್ಪ, ಹರಿಗೋಲುಗಳ ಪಟ್ಟಿಯನ್ನು ಸ್ಥಳೀಯ ಮಟ್ಟದಲ್ಲೇ ಇಡಬಹುದು. ಪ್ರವಾಸಿ ಮಾಡಬೇಕಾದುದು ಇಷ್ಟೇ: ಹತ್ತುವ ಮುನ್ನ ದೋಣಿಯ ನೋಂದಣಿ ಸಂಖ್ಯೆ, ಎಷ್ಟು ಜನರಿಗೆ ಅನುಮತಿ ಎಂಬ ಬರಹ ಕಾಣುತ್ತದೆಯೇ ಎಂದು ನೋಡುವುದು. ಕಾಣದಿದ್ದರೆ ಕೇಳುವುದು. ಉತ್ತರದ ಬದಲು ನಗು ಬಂದರೆ ಹತ್ತದಿರುವುದು.

ಜಾಕೆಟ್ ಯಾರ ಅಳತೆಗೆ?

ಕುಟುಂಬಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ದಂಡೆಯಲ್ಲಿ ರಾಶಿ ಹಾಕಿದ ಜಾಕೆಟ್‌ಗಳೆಲ್ಲ ಸಾಮಾನ್ಯವಾಗಿ ದೊಡ್ಡವರ ಅಳತೆಯವು. ಐದು ವರ್ಷದ ಮಗುವಿಗೆ ಅದನ್ನು ತೊಡಿಸಿದರೆ ತಂದೆ-ತಾಯಿಗೆ ಸಮಾಧಾನ ಸಿಗುತ್ತದೆ, ಮಗುವಿಗೆ ರಕ್ಷಣೆ ಸಿಗುವುದಿಲ್ಲ. ನೀರಿಗೆ ಬಿದ್ದೊಡನೆ ಜಾಕೆಟ್ ತೇಲುತ್ತದೆ, ಮಗು ಅದರೊಳಗಿಂದ ಕೆಳಗೆ ಜಾರುತ್ತದೆ. ಪರೀಕ್ಷೆ ಸುಲಭ: ಪಟ್ಟಿಗಳನ್ನೆಲ್ಲ ಬಿಗಿದು, ಹೆಗಲ ಬಳಿ ಜಾಕೆಟ್ಟನ್ನು ಹಿಡಿದು ಮೇಲಕ್ಕೆತ್ತಿ. ಅದು ಕಿವಿಯವರೆಗೆ ಸರಿದರೆ ಆ ಅಳತೆ ನಿಮ್ಮ ಮಗುವಿನದಲ್ಲ. ಕಾಲುಗಳ ನಡುವೆ ಹಾಯುವ ಪಟ್ಟಿಯಿರುವ ಮಕ್ಕಳ ಜಾಕೆಟ್ಟನ್ನು ಊರಿನಿಂದಲೇ ಕೊಂಡೊಯ್ಯುವುದು ಜಾಣತನ. ಗಾಳಿ ತುಂಬಿದ ಬಳೆ, ಟ್ಯೂಬುಗಳು ಆಟಿಕೆಗಳೇ ಹೊರತು ರಕ್ಷಣೆಯಲ್ಲ. ಸೆಕೆಯೆಂದು ಜಾಕೆಟ್ಟನ್ನು ಬಿಚ್ಚಿ ಮೆತ್ತೆಯಂತೆ ಅದರ ಮೇಲೆ ಕೂರುವ ದೊಡ್ಡವರ ಬಗ್ಗೆ ಏನು ಹೇಳೋಣ? ಮಕ್ಕಳು ಕಲಿಯುವುದು ಅವರನ್ನು ನೋಡಿಯೇ.

ಮುಳುಗುವ ಮಗು ಸಿನಿಮಾದಲ್ಲಿ ತೋರಿಸಿದಂತೆ ಕೂಗಿ ಕೈಬೀಸುವುದಿಲ್ಲ. ಉಸಿರಿಗೇ ಬಿಡುವಿಲ್ಲದಾಗ ಕೂಗಲು ಬಿಡುವೆಲ್ಲಿ? ಹತ್ತು ಜನ ಹಿರಿಯರು ಸುತ್ತ ಕುಳಿತು ಬುತ್ತಿ ಬಿಚ್ಚುತ್ತಿರುವಾಗಲೇ ಸದ್ದಿಲ್ಲದೆ ಅದು ಸಂಭವಿಸುತ್ತದೆ, ಏಕೆಂದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆಂದು ಭಾವಿಸಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತಿದ್ದಾರೆ. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಆದುದರಿಂದ ನೀರಿನ ಬಳಿ ಇರುವಷ್ಟೂ ಹೊತ್ತು ಅರ್ಧ ಗಂಟೆಗೊಬ್ಬರಂತೆ ಸರದಿ ಗೊತ್ತುಮಾಡಬೇಕು. ಸರದಿಯಲ್ಲಿರುವವರು ಮೊಬೈಲ್ ಮುಟ್ಟಬಾರದು, ಊಟಕ್ಕೂ ಏಳಬಾರದು. ದೊಡ್ಡ ಕುಟುಂಬಗಳ ಮದುವೆಯಲ್ಲಿ ಒಡವೆ ಕಾಯಲು ಒಬ್ಬರನ್ನು ಕೂರಿಸುವ ಪದ್ಧತಿ ನಮ್ಮಲ್ಲಿದೆ. ಮಕ್ಕಳಿಗೂ ಅಷ್ಟಾದರೂ ಕಾವಲು ಬೇಡವೇ?

ದಂಡೆಯಾಚೆ ಕಾಡಿದೆ

ದ್ವೀಪದಲ್ಲಿ ಡೇರೆ ಹಾಕಿ ರಾತ್ರಿ ಕಳೆಯುವ ಆಸೆ ಈಗ ಹೆಚ್ಚುತ್ತಿದೆ. ಹೊನ್ನೇಮರಡುವಿನಂಥ ಕಡೆ ತರಬೇತುದಾರರ ನೆರಳಿನಲ್ಲಿ ತೆಪ್ಪ, ಕಯಾಕ್ ನಡೆಸುವುದು ಬೇರೆ. ಯಾರದೋ ದೋಣಿಯಲ್ಲಿ ಹೋಗಿ ಹೆಸರಿಲ್ಲದ ದ್ವೀಪದಲ್ಲಿ ಇಳಿಯುವುದು ಬೇರೆ. ಹಿನ್ನೀರಿನ ದೊಡ್ಡ ಭಾಗ ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಹೊಂದಿಕೊಂಡಿದೆ; ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ತಂಗುವಂತಿಲ್ಲ.

ಜೊತೆಗೆ ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರ ಪ್ರಾಣ ತೆಗೆಯಿತು. ಇದನ್ನು ಹರಡುವುದು ತರಗೆಲೆಗಳಲ್ಲಿರುವ ಉಣುಗುಗಳು. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಅವುಗಳ ಕಾಟ ಹೆಚ್ಚು. ಹಿಂದೆ ನೀಡುತ್ತಿದ್ದ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಆ ತಿಂಗಳುಗಳಲ್ಲಿ ಮಕ್ಕಳನ್ನು ಕಾಡಿನ ತರಗೆಲೆಯ ಮೇಲೆ ಮಲಗಿಸುವುದು, ಆಡಬಿಡುವುದು ಸಲ್ಲದು. ಉದ್ದ ತೋಳಿನ ಅಂಗಿ, ಮೈಗೆ ಹಚ್ಚುವ ಡೇಪಾ ತೈಲ, ಮರಳಿದೊಡನೆ ಬಿಸಿನೀರಿನ ಸ್ನಾನ ಇವು ಮಲೆನಾಡಿಗರು ರೂಢಿಸಿಕೊಂಡ ಎಚ್ಚರಿಕೆಗಳು. ಪ್ರವಾಸದಿಂದ ಮರಳಿದ ವಾರದೊಳಗೆ ಮಗುವಿಗೆ ತೀವ್ರ ಜ್ವರ, ತಲೆನೋವು ಬಂದರೆ ‘ಶರಾವತಿ ಕಾಡಿಗೆ ಹೋಗಿದ್ದೆವು’ ಎಂಬ ಮಾತನ್ನು ವೈದ್ಯರಿಗೆ ಮರೆಯದೆ ಹೇಳಬೇಕು. ಬೆಂಗಳೂರಿನ ವೈದ್ಯರಿಗೆ ಅದು ತಾನಾಗಿ ಹೊಳೆಯದಿರಬಹುದು.

ದೊಡ್ಡ ಆಸ್ಪತ್ರೆ ಬೇಕೆಂದರೆ ಸಾಗರಕ್ಕೇ ಬರಬೇಕು. ಹಿನ್ನೀರಿನಾಚೆಯ ಊರುಗಳಲ್ಲಿ ಮೊಬೈಲ್ ಸಂಪರ್ಕ ಎಲ್ಲ ಕಡೆ ನಂಬುವಂತಿಲ್ಲ; 112, 108 ಎಂಬ ಸಂಖ್ಯೆಗಳು ನೆನಪಿದ್ದರಷ್ಟೇ ಸಾಲದು, ಕರೆ ಹೋಗುವ ಜಾಗ ಯಾವುದೆಂದು ತಂಗುವ ಮನೆಯವರಲ್ಲಿ ಮೊದಲೇ ಕೇಳಿಟ್ಟುಕೊಳ್ಳಬೇಕು. ದೂರದಿಂದ ಬರುವವರು ಮಕ್ಕಳನ್ನು ರಾತ್ರಿಯಿಡೀ ಕಾರಿನಲ್ಲಿ ಕೂರಿಸುವ ಬದಲು ತಾಳಗುಪ್ಪದವರೆಗಿನ ರಾತ್ರಿ ರೈಲಿನಲ್ಲಿ ಮಲಗಿಸಿಕೊಂಡು ಬಂದು ಸಾಗರದಲ್ಲಿ ಇಳಿಯಬಹುದು. ನಿದ್ದೆಗೆಟ್ಟ ತಂದೆ ದಂಡೆಯಲ್ಲಿ ಒಳ್ಳೆಯ ಕಾವಲುಗಾರನಲ್ಲ. ಒಂದೇ ದಿನದಲ್ಲಿ ಜೋಗ, ಸಿಗಂದೂರು, ಹಿನ್ನೀರು, ಕೆಳದಿ, ಇಕ್ಕೇರಿ ಎಂದು ಓಡುವುದೂ ಬೇಡ.

ಇಷ್ಟೆಲ್ಲವನ್ನೂ ಪೋಷಕರೇ ಮಾಡಬೇಕೆಂದರೆ ಆಡಳಿತದ ಪಾಲೇನು? ನೂರಾರು ಕೋಟಿ ರೂಪಾಯಿಯ ಸೇತುವೆ ಕಟ್ಟಿದವರಿಗೆ, ಗಾಡಿಗಳು ನಿಲ್ಲುವ ಹತ್ತಾರು ಕಡೆ ಆಳದ ಫಲಕ ನೆಡುವುದು, ಒಂದು ಉದ್ದನೆಯ ಹಗ್ಗ ಮತ್ತು ತೇಲುಬಳೆ ತೂಗುಹಾಕುವುದು, ರಜಾದಿನಗಳಲ್ಲಿ ಈಜು ಬಲ್ಲ ಸ್ಥಳೀಯ ಯುವಕರನ್ನು ದಿನಗೂಲಿಯ ಮೇಲೆ ನೇಮಿಸುವುದು ಭಾರವಾಗಲಾರದು. ಲಾಂಚ್ ನಂಬಿ ಬದುಕಿದ್ದ ದಂಡೆಯ ಮನೆಗಳಲ್ಲಿ ನೀರಿನ ಸ್ವಭಾವ ಬಲ್ಲವರು ಬೇಕಾದಷ್ಟಿದ್ದಾರೆ. ಹಿನ್ನೀರಿನ ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ಹೋಟೆಲು, ಜಲಕ್ರೀಡೆಗಳ ಪ್ರಸ್ತಾಪ ಮುಂದಾಗುತ್ತದೆ. ಮಕ್ಕಳ ಅಳತೆಯ ಜಾಕೆಟ್ ಇಲ್ಲದ ದೋಣಿಗೆ ಪರವಾನಗಿಯಿಲ್ಲ ಎಂಬ ಒಂದು ಸಾಲನ್ನು ಸೇರಿಸಲು ಹೊಸ ಅನುದಾನವೇನೂ ಬೇಕಿಲ್ಲ. ಜಿಲ್ಲಾಡಳಿತ ಮನಸ್ಸು ಮಾಡಿದರೆ ಮುಂದಿನ ರಜೆಯೊಳಗೆ ಆಗುವ ಕೆಲಸ.