ಹಿನ್ನೀರಿನ ಮಜರೆಗೆ ಸರ್ವಋತು ರಸ್ತೆ ಮತ್ತು ಸರ್ಕಾರಿ ಬಸ್ ಕೋರಿ ಮನವಿ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳ ಸನ್ನಿಧಿಗೆ,

ವಿಷಯ: ‘ಜನಸಂಖ್ಯೆ ಸಾಲದು’ ಎಂಬ ಹಿಂಬರಹದ ಮರುಪರಿಶೀಲನೆ ಕುರಿತು.

ಮಾನ್ಯರೇ,

ನಮ್ಮ ಹಿಂದಿನ ಮನವಿಗಳಿಗೆ ಬಂದ ಹಿಂಬರಹಗಳ ಪ್ರತಿಗಳನ್ನೆಲ್ಲ ಲಗತ್ತಿಸಿದ್ದೇವೆ. ಒಕ್ಕಣೆ ಬೇರೆ ಬೇರೆ, ಸಾರ ಒಂದೇ: ನಿಮ್ಮಲ್ಲಿ ಜನ ಕಡಿಮೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ನಿಯಮಗಳನ್ನು ತಮಗೆ ಹೇಳಿಕೊಡುವ ಉದ್ಧಟತನ ನಮಗಿಲ್ಲ. ನಾಲ್ಕನೇ ಹಂತಕ್ಕೂ 2011ರ ಜನಗಣತಿಯೇ ಆಧಾರ. ಬಯಲಿಗೆ 500 ಜನ ಬೇಕು, ಗುಡ್ಡಗಾಡು ರಾಜ್ಯಗಳಿಗೆ 250 ಸಾಕು. ಕರ್ನಾಟಕ ಆ ಪಟ್ಟಿಯಲ್ಲಿಲ್ಲದ ಕಾರಣ ನಮ್ಮ ಶರಾವತಿ ಕಣಿವೆಯೂ ಕಾಗದದಲ್ಲಿ ಬಯಲುಸೀಮೆ. ಆದರೆ ಒಂದೆಡೆ ಅಷ್ಟು ಜನ ಸಿಗದಂತೆ ನಮ್ಮವರು ಚದುರಿದ್ದು ಯಾರಿಂದ? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಗದ್ದೆ, ಊರು, ದಾರಿ ಮುಳುಗಿದಾಗ ಉಳಿದವರು ಗುಡ್ಡದ ಏರಿನಲ್ಲಿ ಇಲ್ಲಿ ನಾಲ್ಕು, ಹಳ್ಳದಾಚೆ ನಾಲ್ಕು ಮನೆ ಕಟ್ಟಿಕೊಂಡರು. ನಾಡಿಗೆ ಬೆಳಕು ಕೊಡಲು ಚದುರಿದವರನ್ನು ಚದುರಿದ್ದೀರೆಂಬ ಕಾರಣಕ್ಕೇ ಕೈಬಿಡುವುದು ನ್ಯಾಯವೆಂದು ಯಾವ ಕಡತವೂ ಹೇಳಲಾರದು. ಕೇರಿಕೇರಿಗಳನ್ನು ಒಟ್ಟುಗೂಡಿಸಿ ಎಣಿಸಲು ಅದೇ ನಿಯಮದಲ್ಲಿ ಅವಕಾಶವಿದೆ. ಬಯಲಿನಲ್ಲಿ 500 ಮೀಟರ್ ದಾರಿಯೊಳಗೆ, ಗುಡ್ಡಗಾಡಿನಲ್ಲಿ ಒಂದೂವರೆ ಕಿಲೋಮೀಟರ್ ಒಳಗೆ ಇದ್ದರಾಯಿತು. ಈ ಎರಡನೇ ಅಳತೆಯನ್ನು ನಮಗೆ ಅನ್ವಯಿಸಲು ಸರ್ಕಾರಕ್ಕೆ ಶಿಫಾರಸು ಮಾಡಬೇಕೆಂಬುದೇ ನಮ್ಮ ಮುಖ್ಯ ಬೇಡಿಕೆ.

ಮುಂದಿನ ಗಣತಿಗೆ ಕಾಯಿರಿ ಎಂಬ ಮೌಖಿಕ ಸಲಹೆಯೂ ಸಿಕ್ಕಿದೆ. ಅದರ ಆಧಾರ ದಿನಾಂಕ 2027ರ ಮಾರ್ಚ್ 1. ಅಷ್ಟರಲ್ಲಿ ಇಲ್ಲಿ ಎಣಿಸಲು ಸಿಗುವುದು ಬೀಗ. ಹೈಸ್ಕೂಲಿಗೆಂದು ಮಕ್ಕಳನ್ನು ಪೇಟೆಯ ಬಾಡಿಗೆ ಮನೆಗೆ ಒಯ್ದ ತಾಯಂದಿರು ಮರಳುವುದಿಲ್ಲ. ರಸ್ತೆಯಿಲ್ಲದ್ದಕ್ಕೆ ಜನ ಹೋಗುತ್ತಾರೆ, ಜನ ಹೋದದ್ದಕ್ಕೆ ರಸ್ತೆ ಬರುವುದಿಲ್ಲ. 2025ರ ಜುಲೈ 14ರಂದು ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತಲ್ಲ, ಇನ್ನೇನು ಬೇಕು ಎನ್ನುವವರೂ ಇದ್ದಾರೆ. ಎರಡು ಕಿಲೋಮೀಟರ್‌ಗೂ ಮೀರಿದ ಆ ಸೇತುವೆಗೆ ನಾವು ಋಣಿಗಳು. ಸಿಗಂದೂರು ದೇವಸ್ಥಾನಕ್ಕೆ ಬರುವ ಭಕ್ತರು ಈಗ ಲಾಂಚಿಗೆ ಕಾಯಬೇಕಿಲ್ಲ. ಆದರೆ ಹೆದ್ದಾರಿಯಿಂದ ಒಳಗಿನ ಮಣ್ಣುದಾರಿ ಆರಿದ್ರಾ ಮಳೆಗೆ ಕೆಸರಾಗುತ್ತದೆ. ಹಳ್ಳಕ್ಕೆ ಈಗಲೂ ಅಡಿಕೆ ದಬ್ಬೆ ಜೋಡಿಸಿ ಹಗ್ಗ ಬಿಗಿದ ಕಾಲುಸಂಕವೇ ಗತಿ. 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಕಾಲುಸಂಕದಿಂದ ಬಿದ್ದು ಎರಡನೇ ತರಗತಿಯ ಬಾಲಕಿ ತೀರಿಕೊಂಡ ಮೇಲೆ ಅಧಿಕಾರಿಗಳು ಆ ಊರಿಗೆ ಧಾವಿಸಿದರು. ನಮ್ಮ ಊರಿಗೂ ಅಂಥದೇ ಕಾರಣಕ್ಕೆ ಬರುವಂತಾಗದಿರಲಿ.

ಅರಣ್ಯದ ಅಡ್ಡಿಯನ್ನೂ ಮುಂದಿಡಲಾಗುತ್ತಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಪ್ರಕಾರ ಗ್ರಾಮಸಭೆ ಶಿಫಾರಸು ಮಾಡಿದರೆ, ಹೆಕ್ಟೇರಿಗೆ 75 ಮರ ಮೀರದಂತೆ, ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು ರಸ್ತೆಗೆ ಕೊಡಬಹುದು. ಐದು ಮೀಟರ್ ಅಗಲ ಹಿಡಿದರೂ ಹೆಚ್ಚುಕಡಿಮೆ ಎರಡು ಕಿಲೋಮೀಟರ್ ಆಯಿತು. ನಮ್ಮ ಕಾಡಿನ ಪಾಲು ಅಷ್ಟಿಲ್ಲ. ಗ್ರಾಮಸಭೆಯ ನಡಾವಳಿ, ಕೈನಕ್ಷೆ, ಮರಗಳ ಪಟ್ಟಿ ಲಗತ್ತಿಸಿದೆ. ಹಿಂದಿನ ಸಲವೂ ಲಗತ್ತಿಸಿದ್ದೆವು. ಯಾರಾದರೂ ತೆರೆದರೋ ಇಲ್ಲವೋ ತಿಳಿಯದು.

ಬಸ್ಸಿಗೆ ಆದಾಯವಿಲ್ಲವೆನ್ನುವ ಮಾತು ಉಳಿಯಿತು. ಬಸ್ಸೇ ಬಾರದ ದಾರಿಯಲ್ಲಿ ಪ್ರಯಾಣಿಕರನ್ನು ಎಣಿಸಿದವರಾರು? 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಇದೆ, ಅದರ ಹಣವನ್ನು ಸರ್ಕಾರವೇ ನಿಗಮಗಳಿಗೆ ತುಂಬಿಕೊಡಬೇಕಿದೆ. ನಮ್ಮವರು ಆ ಟಿಕೆಟ್ ಪಡೆಯಲು ಮೊದಲು ಬಾಡಿಗೆ ಜೀಪಿಗೆ ದುಡ್ಡು ತೆರಬೇಕು. ಬೆಳಿಗ್ಗೆ ಶಾಲೆಯ ಹೊತ್ತಿಗೊಂದು, ಸಂಜೆಗೊಂದು ಮಿನಿ ಬಸ್ ಸಾಕು.

 ರಸ್ತೆಯ ಸರ್ವೆ ನಮ್ಮೂರ ಹಾಲಿನ ಡೇರಿಯ ಮುಂದಿನಿಂದಲೇ ಸಾಗಲಿ, ನಮ್ಮದೇ ಮೇಲಿನಕೇರಿಯ ಅಡಿಕೆ ತೋಟದ ಮನೆಗಳಿಗೆ ಹೋಗುವ ಕೂಡುದಾರಿಯೂ ಇದೇ ಅಂದಾಜುಪಟ್ಟಿಯಲ್ಲಿ ಸೇರಲಿ. ಆ ಕೂಡುದಾರಿ ಖಾಸಗಿಯೆಂಬ ಆಕ್ಷೇಪಕ್ಕೆ ಆಧಾರವಿಲ್ಲ. ‘ಪರಿಶೀಲಿಸಲಾಗುವುದು’ ಎಂಬ ಮತ್ತೊಂದು ಹಿಂಬರಹದ ಬದಲು, ಸ್ಥಳ ತನಿಖೆಯ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕು. ತನಿಖೆ ಮಳೆಗಾಲದಲ್ಲೇ ಆಗಲಿ.

ಇಂತಿ ತಮ್ಮ ವಿಶ್ವಾಸಿಗಳು,
ಸಮಸ್ತ ಗ್ರಾಮಸ್ಥರು