ಬೂದಿಕೋಟೆಗೆ ಡೆಬ್ಯೂಸಿ ಯಾಕೆ?

ಕಳೆದ ವರ್ಷ ಒಂದು ವಿಚಾರ ಸಂಕಿರಣದ ಊಟದ ಸಾಲಿನಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು ನನ್ನ ಇಯರ್‌ಫೋನ್ ನೋಡಿ, ‘ಏನಮ್ಮಾ ಕೇಳ್ತಿದ್ದೀಯಾ?’ ಎಂದರು. ಡೆಬ್ಯೂಸಿಯ ಪಿಯಾನೊ ಸರ್, ಎಂದೆ. ಊರು ಯಾವುದು ಎಂದರು. ಬಂಗಾರಪೇಟೆ ಹತ್ತಿರ ಬೂದಿಕೋಟೆ ಎಂದೆ. ‘ಬೂದಿಕೋಟೆಯವಳಿಗೆ ಅದೆಲ್ಲ ಯಾಕಮ್ಮಾ? ನಿಮ್ಮ ಕಡೆ ತಮಟೆ ಇದೆ, ಸೋಬಾನೆ ಪದ ಇದೆ. ಅದನ್ನ ಹಿಡಿದರೆ ಪಿಎಚ್.ಡಿ. ಬೇಗ ಮುಗಿಯುತ್ತೆ.’ ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಹಾಗೆ ನಕ್ಕಿದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಮಟೆ ಬೇಡವೆಂದಲ್ಲ. ಜಾತ್ರೆಯಲ್ಲಿ ತಮಟೆ ಶುರುವಾದರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ನನ್ನ ತಕರಾರು ಬೇರೆ. ನಗರದಲ್ಲಿ ಬೆಳೆದವರಿಗೆ ಇಡೀ ಜಗತ್ತು ಸಂಶೋಧನೆಯ ವಿಷಯ; ಹಳ್ಳಿಯಿಂದ ಬಂದವರಿಗೆ ಅವರ ಹಳ್ಳಿಯೊಂದೇ ವಿಷಯ. ಇದನ್ನು ನಾವು ದೇಸಿ ಪ್ರೀತಿ ಎಂದು ಕರೆದುಕೊಳ್ಳುತ್ತೇವೆ. ನನಗೆ ಇದು ಕಿವಿಗೆ ಹಾಕಿದ ಬೇಲಿಯಂತೆ ಕಾಣುತ್ತದೆ.

ಅಂದು ನಾನು ಕೇಳುತ್ತಿದ್ದದ್ದು ವಾಲ್ಟರ್ ಗೀಸೆಕಿಂಗ್ 1950ರ ದಶಕದಲ್ಲಿ ಲಂಡನ್ನಿನಲ್ಲಿ ಧ್ವನಿಮುದ್ರಿಸಿದ ಡೆಬ್ಯೂಸಿಯ ‘ಪ್ರೆಲ್ಯೂಡ್’ಗಳ ಆಲ್ಬಮ್. ಒಟ್ಟು 24 ಸಣ್ಣ ರಚನೆಗಳು. 1910 ಮತ್ತು 1913ರಲ್ಲಿ ಎರಡು ಪುಸ್ತಕಗಳಾಗಿ ಅಚ್ಚಾದವು. ಹಾಡುವವರಿಲ್ಲ, ವಾದ್ಯವೃಂದವಿಲ್ಲ, ಒಂದೇ ಪಿಯಾನೊ. ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ, ನಿಂತುಕೊಂಡೇ, ಇದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಮೊದಲ ಪುಸ್ತಕದ ಹತ್ತನೆಯದು ‘ಮುಳುಗಿದ ಕೆಥೆಡ್ರಲ್’. ಬ್ರಿಟನಿಯ ಕಡಲಲ್ಲಿ ಮುಳುಗಿಹೋಯಿತೆನ್ನುವ ಈಸ್ ಎಂಬ ಊರಿನ ಐತಿಹ್ಯ ಇದರ ಹಿಂದಿದೆ. ಮಂದ್ರದ ಸ್ವರಗಳೂ ತಾರದ ಸ್ವರಗಳೂ ದೂರ ದೂರ ನಿಂತು, ನಡುವೆ ಖಾಲಿ ಬಿಟ್ಟು, ಮೆಲ್ಲಗೆ ಶುರುವಾಗುತ್ತದೆ. ಗಂಟೆಗಳು ಕೇಳಿಸುತ್ತವೆ. ಇಡೀ ಕಟ್ಟಡ ನೀರಿನಿಂದೆದ್ದು ಎದುರಿಗೇ ನಿಂತ ಹಾಗೆ ಸ್ವರಗಳು ಒಟ್ಟಿಗೆ ಮೊಳಗುತ್ತವೆ. ಆಮೇಲೆ ಎಡಗೈಯ ಗುನುಗಿನೊಳಗೆ ಎಲ್ಲವೂ ಮತ್ತೆ ಇಳಿದುಹೋಗುತ್ತದೆ. ಪಿಯಾನೊದೊಳಗೆ ತಂತಿಗೆ ಬಡಿಯುವ ಸುತ್ತಿಗೆಗಳಿವೆ ಎಂಬುದನ್ನೇ ಗೀಸೆಕಿಂಗ್ ಮರೆಸಿಬಿಡುತ್ತಾರೆ.

ಇದು ನಮಗೆ ಪರಕೀಯವೇ? ಹಾಸನದ ಶೆಟ್ಟಿಹಳ್ಳಿಗೆ ಹೋಗಿ ನೋಡಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚು ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗುತ್ತದೆ, ಬೇಸಿಗೆಗೆ ಏಳುತ್ತದೆ. ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಯೂ ದಶಕಗಳ ಕಾಲ ಕೆಆರ್‌ಎಸ್ ನೀರಿನೊಳಗಿತ್ತು. ಮುಳುಗಡೆ ಎಂದರೇನೆಂದು ನಮಗೆ ಪ್ಯಾರಿಸ್ಸಿನವರಿಗಿಂತ ಚೆನ್ನಾಗಿ ಗೊತ್ತು. ಡೆಬ್ಯೂಸಿಗೆ ಅದು ಐತಿಹ್ಯ, ನಮಗೆ ಪುನರ್ವಸತಿಯ ಫೈಲು.

ಈಗ ಇನ್ನೊಂದು ಕತೆ. ಗೀಸೆಕಿಂಗ್‌ರ ಈ ಧ್ವನಿಮುದ್ರಣಗಳ ನಿರ್ಮಾಪಕ ವಾಲ್ಟರ್ ಲೆಗ್. ಆತ ಕಟ್ಟಿದ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೆ ನೆರವಾದವರು ನಮ್ಮ ಜಯಚಾಮರಾಜ ಒಡೆಯರ್. ಸ್ವತಃ ಪಿಯಾನೊ ನುಡಿಸುತ್ತಿದ್ದ ಅವರು ರಷ್ಯಾದ ಸಂಯೋಜಕ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೂ ಹಣ ಕೊಟ್ಟರು. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕು ಕೂಡ. ಆದರೆ ಅರಮನೆಯಲ್ಲಿ ಕೇಳಿದರೆ ಅಭಿರುಚಿ, ಬೂದಿಕೋಟೆಯಲ್ಲಿ ಕೇಳಿದರೆ ಶೋಕಿ ಎನ್ನುವುದು ಯಾವ ನ್ಯಾಯ? ಹೈದರಾಲಿ ಹುಟ್ಟಿದ ಊರು ನಮ್ಮದು. ಅವನ ಸೈನ್ಯದಲ್ಲಿ ಫ್ರೆಂಚರಿದ್ದರು. ಫ್ರೆಂಚರ ಬಂದೂಕು ನಮ್ಮ ಇತಿಹಾಸವಾಗಬಹುದು, ಪಿಯಾನೊ ಮಾತ್ರ ಆಗಬಾರದೇ?

ಒಂದು ಆಕ್ಷೇಪವನ್ನು ಮಾತ್ರ ನಾನು ಹಗುರವಾಗಿ ತಳ್ಳಿಹಾಕಲಾರೆ. ಪಿಯಾನೊ ದೊರೆಗಳ ವಾದ್ಯ ಎನ್ನುವ ಆಕ್ಷೇಪ. ನಮ್ಮ ಪಕ್ಕದ ಕೆಜಿಎಫ್‌ನಲ್ಲಿ ಮೇಲೆ ಬಂಗಲೆ, ಕ್ಲಬ್ಬು, ಡಾನ್ಸು. ನೆಲದಡಿಯಲ್ಲಿ ಚಿನ್ನ ಅಗೆಯುವ ದಲಿತ ತಮಿಳು ಕಾರ್ಮಿಕರು. 1902ರಲ್ಲೇ ಶಿವನಸಮುದ್ರದಿಂದ ಅಲ್ಲಿಗೆ ಕರೆಂಟು ಬಂತು. ಬಂದದ್ದು ಗಣಿಗಾಗಿ, ಗುಡಿಸಲಿಗಾಗಿ ಅಲ್ಲ. 2001ರಲ್ಲಿ ಗಣಿ ಮುಚ್ಚಿತು. ಹಾಗೆಂದು ದೊರೆಗಳು ಬಿಟ್ಟುಹೋದ ಕರೆಂಟನ್ನು ನಾವು ಬೇಡವೆಂದೆವೇ? ರೈಲನ್ನು, ನಾನು ಓದಿದ ಕಾಲೇಜಿನಂಥ ಕಾಲೇಜನ್ನು ಬೇಡವೆಂದೆವೇ? ಅವರ ಬಾಗಿಲ ಆಚೆ ನಿಲ್ಲಿಸಲ್ಪಟ್ಟವರ ಮೊಮ್ಮಕ್ಕಳು ಅದೇ ಸಂಗೀತವನ್ನು ಅಗ್ಗದ ಫೋನಿನಲ್ಲಿ ಕೇಳಿ, ಚೆನ್ನಾಗಿದೆ ಅಥವಾ ಚೆನ್ನಾಗಿಲ್ಲ ಎಂದು ತೀರ್ಪು ಕೊಡುವುದಿದೆಯಲ್ಲ, ನನ್ನ ಲೆಕ್ಕದಲ್ಲಿ ಅದು ಗುಲಾಮಗಿರಿಯಲ್ಲ.

ಡೆಬ್ಯೂಸಿಯನ್ನು ಯಾರೂ ಹೀಗೆ ತಡೆಯಲಿಲ್ಲ. 1889ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಆತ ಜಾವಾದ ಗಮೆಲಾನ್ ಕೇಳಿ ಬೆರಗಾದ. ಆ ಬೆರಗು ಆತನ ಪಿಯಾನೊಗೂ ಇಳಿಯಿತು. ಎರಡನೇ ಪುಸ್ತಕದ ಏಳನೇ ಪ್ರೆಲ್ಯೂಡಿನ ಹೆಸರಿನಲ್ಲಿರುವ ಬೆಳದಿಂಗಳ ಮಹಡಿ ಸಿಕ್ಕಿದ್ದು 1911ರ ದೆಹಲಿ ದರ್ಬಾರಿನ ಬಗ್ಗೆ ಬಂದ ಪತ್ರಿಕಾ ಬರಹವೊಂದರಲ್ಲಿ. ಆತ ಭಾರತಕ್ಕೆ ಬಂದವನೇ ಅಲ್ಲ. ‘ನಿಮ್ಮೂರಿನ ಜಾನಪದ ಬಿಟ್ಟು ಇದೆಲ್ಲ ಯಾಕಪ್ಪಾ’ ಎಂದು ಅವನನ್ನು ಕೇಳಿದವರಿಲ್ಲ.

ಕನ್ನಡದಲ್ಲಿ ಸಿನಿಮಾ ಬಗ್ಗೆ ಬರೆಯುತ್ತೇವೆ, ಅನುವಾದಿತ ಕಾದಂಬರಿಗಳ ಬಗ್ಗೆ ಬರೆಯುತ್ತೇವೆ. ಇಂಥ ಆಲ್ಬಮ್‌ಗಳ ಬಗ್ಗೆ ಬರೆಯುವುದು ಅಪರೂಪ. ಶಾಸ್ತ್ರ ಗೊತ್ತಿಲ್ಲ ಎಂಬ ಅಳುಕು ಬೇಡ. ನನಗೂ ನೊಟೇಶನ್ ಓದಲು ಬರುವುದಿಲ್ಲ. ಕೇಳಿದ್ದನ್ನು ಕನ್ನಡದಲ್ಲಿ ಹೇಳಲು ಹೊರಟರೆ ಪದ ಸಿಗದೆ ಪರದಾಡುತ್ತೇವೆ; ಆ ಪರದಾಟದಿಂದಲೇ ಭಾಷೆ ಬೆಳೆಯುತ್ತದೆ.

ಡೆಬ್ಯೂಸಿ ಪ್ರೆಲ್ಯೂಡ್‌ಗಳ ಹೆಸರನ್ನು ಮೇಲುಗಡೆ ಹಾಕಲಿಲ್ಲ. ಪ್ರತಿಯೊಂದರ ಕೊನೆಯಲ್ಲಿ, ಕಂಸದೊಳಗೆ, ಚುಕ್ಕಿಗಳ ನಂತರ ಸಣ್ಣದಾಗಿ ಅಚ್ಚು ಹಾಕಿಸಿದ. ಮೊದಲು ಸಂಗೀತ, ಆಮೇಲೆ ಹೆಸರು. ಆ ಊಟದ ಸಾಲಿನಲ್ಲಿ ನಡೆದದ್ದು ಇದರ ಉಲ್ಟಾ. ಮೊದಲು ಊರು ಕೇಳಿದರು. ಊರಿನ ಹಿಂದೆ ಇನ್ನೊಂದು ಪ್ರಶ್ನೆಯೂ ಇತ್ತು, ಅದೇನೆಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ನಾನು ಏನು ಕೇಳಿಸಿಕೊಂಡೆ ಎಂದು ಮಾತ್ರ ಯಾರೂ ಕೇಳಲೇ ಇಲ್ಲ.