ತಮ್ಮ ಮಕ್ಕಳು ಎಲ್ಲಿ ಓದುತ್ತಿದ್ದಾರೆ, ಸ್ವಾಮಿ?

ಸರ್ಕಾರಿ ಹೈಸ್ಕೂಲಿಗೆ ಮಕ್ಕಳು ಬರುತ್ತಿಲ್ಲವೆಂದು ಮಳವಳ್ಳಿಯ ವೇದಿಕೆಗಳ ಮೇಲೆ ಕಣ್ಣೊರೆಸಿಕೊಳ್ಳುವ ಮುಖಂಡರಿಗೆ ನಾವು ಕೇಳುವುದು ಒಂದೇ ಪ್ರಶ್ನೆ. ತಮ್ಮ ಮಕ್ಕಳು ಎಲ್ಲಿ ಓದುತ್ತಿದ್ದಾರೆ, ಸ್ವಾಮಿ? ಕೊಠಡಿಗೆ ಶಂಕುಸ್ಥಾಪನೆ ಮಾಡುವವರ ಮಕ್ಕಳು ಆ ಕೊಠಡಿಯಲ್ಲಿ ಕೂರುವುದಿಲ್ಲ. ತಪಾಸಣೆಗೆ ಬರುವ ಅಧಿಕಾರಿಯ ಮಕ್ಕಳೂ ಕೂರುವುದಿಲ್ಲ. ಮೇಷ್ಟ್ರುಗಳ ಮಕ್ಕಳ ವಿಚಾರವನ್ನಂತೂ ಕೇಳಲೇಬೇಡಿ. ನಮ್ಮಲ್ಲಿ ಕೆಲವರು ಸೀಮೆಸುಣ್ಣ ಹಿಡಿದು ಬಂದವರೇ, ಆ ಕತೆ ನಮಗೆ ಚೆನ್ನಾಗಿ ಗೊತ್ತು.

ಸರ್ಕಾರಿ ಹೈಸ್ಕೂಲೆಂದರೆ ಬಡವರಿಗೆ ಹಾಕುವ ಭಿಕ್ಷೆ ಎಂದು ಈ ಮಹನೀಯರು ತಿಳಿದಿದ್ದಾರೆ. ನಾವು ಹಾಗೆ ತಿಳಿದಿಲ್ಲ. ಈ ತಾಲ್ಲೂಕಿನಲ್ಲಿ ದೇವಸ್ಥಾನಗಳಿವೆ, ಅಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆಯೆ? ಮದುವೆ ಛತ್ರ, ಸಹಕಾರ ಸಂಘ, ಚುನಾವಣೆಯ ಟಿಕೇಟು ಎಲ್ಲದಕ್ಕೂ ಜಾತಿಯ ಲೆಕ್ಕವಿದೆ. ಹಾಸ್ಟೆಲ್ಲುಗಳನ್ನು ಸರ್ಕಾರವೇ ವರ್ಗಕ್ಕೊಂದು ಇಲಾಖೆ ಮಾಡಿ ಹಂಚಿಟ್ಟಿದೆ. ಇವೆಲ್ಲದರ ನಡುವೆ ಹಲಗೂರು ಕಡೆಯ ಒಕ್ಕಲಿಗರ ಹುಡುಗ, ಕೇರಿಯ ದಲಿತರ ಹುಡುಗಿ, ಕುರುಬರ, ಗಂಗಾಮತಸ್ಥರ, ಪೇಟೆಯ ಮುಸಲ್ಮಾನರ ಮಕ್ಕಳು ಒಂದೇ ಬೆಂಚಿನ ಮೇಲೆ ಕೂತು ಒಂದೇ ಹಂಡೆಯ ಸಾರು ಉಣ್ಣಬಹುದಾದ ಜಾಗ ಯಾವುದು? ಸರ್ಕಾರಿ ಶಾಲೆಯೊಂದೇ. 2007ರಲ್ಲಿ ಬಿಸಿಯೂಟ ಹೈಸ್ಕೂಲಿಗೂ ಬಂದಾಗ ಅದು ಹಸಿವಿನ ಕಾರ್ಯಕ್ರಮವೆಂದು ಎಲ್ಲರೂ ಬರೆದರು. ಅದು ಪಂಕ್ತಿಭೇದ ಮುರಿಯುವ ಕಾರ್ಯಕ್ರಮವೂ ಹೌದೆಂದು ಬರೆದವರು ಕಡಮೆ.

ಅದಕ್ಕೇ ಜನ ಈ ಶಾಲೆಯಿಂದ ಎದ್ದು ಹೋಗುವುದು ಇಂದು ನಿನ್ನೆಯ ಚಾಳಿಯಲ್ಲ. ಮೈಸೂರು ಸಂಸ್ಥಾನದಲ್ಲಿ 1910ರ ದಶಕದಲ್ಲಿ ಸಾರ್ವಜನಿಕ ಶಾಲೆಗಳನ್ನು ಪಂಚಮರ ಮಕ್ಕಳಿಗೂ ತೆರೆಯಬೇಕೆಂದು ಆಜ್ಞೆಯಾದಾಗ ಹಲವೆಡೆ ಸವರ್ಣೀಯರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. 2025ರ ಜುಲೈನಲ್ಲಿ ನಮ್ಮ ಮಂಡ್ಯದ ಆಲಕೆರೆಯಲ್ಲಿ ಶಾಲೆಯ ಮೊಟ್ಟೆಯ ವಿಚಾರಕ್ಕೆ ಊರು ಎರಡಾಗಿ, ಹಲವು ಮಕ್ಕಳು ಟಿ.ಸಿ. ಪಡೆದು ಬೇರೆ ಶಾಲೆ ಸೇರಿದರು. 2022ರ ಫೆಬ್ರವರಿಯಲ್ಲಂತೂ ತಲೆವಸ್ತ್ರದ ನೆಪದಲ್ಲಿ ಸರ್ಕಾರವೇ ಹೆಣ್ಣುಮಕ್ಕಳನ್ನು ಗೇಟಿನ ಹೊರಗೆ ನಿಲ್ಲಿಸಿತು. ಅಂದು ಮೈಲಿಗೆ ಎಂದವರು ಇಂದು ‘ಸ್ಟ್ಯಾಂಡರ್ಡ್ ಇಲ್ಲ’ ಎನ್ನುತ್ತಾರೆ. ಹಳದಿ ವ್ಯಾನು ಬಾಗಿಲಿಗೆ ಬರುತ್ತದೆ, ಅವರ ಮಕ್ಕಳು ಹತ್ತುತ್ತಾರೆ. ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು, ಇಲ್ಲಿನ ಹಳ್ಳಿಗಳು ಬುಡ್ಡಿದೀಪದಲ್ಲೇ ಉಳಿದವು. ಈಗ ಮಕ್ಕಳ ಸರದಿ.

ಹೀಗೆ ಎದ್ದುಹೋದವರು ಯಾರು? ಬಹುಪಾಲು ಸರ್ಕಾರಿ ಶಾಲೆಯಲ್ಲೇ ಓದಿ ಮೇಲೆ ಬಂದವರು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿ ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡಿಸಲು ಹೊರಟರು. (ಈ ಜಿಲ್ಲೆ ಪಟ ಹಾಕಿ ಪೂಜಿಸುವ ದಿವಾನ್ ವಿಶ್ವೇಶ್ವರಯ್ಯನವರು ಅದನ್ನು ಒಪ್ಪದೆ ಪದವಿ ಬಿಟ್ಟರು, ಕಾಲುವೆಯ ಋಣ ದೊಡ್ಡದು, ಆದರೂ ಇದನ್ನು ಮರೆಯಬಾರದು.) ಆ ಪಾಲನ್ನು ಪಡೆಯಲು ಯೋಗ್ಯತೆ ಕೊಟ್ಟದ್ದು ತಾಲ್ಲೂಕು ಕೇಂದ್ರಗಳ ಸರ್ಕಾರಿ ಹೈಸ್ಕೂಲು. ಅಲ್ಲಿ ಓದಿದವರ ಮಕ್ಕಳು ಮೊಮ್ಮಕ್ಕಳು ಇಂದು ಹತ್ತಿದ ಏಣಿಯನ್ನು ಒದೆಯುತ್ತಿದ್ದಾರೆ. ಕೆಳಗೆ ಕಾಲಿಟ್ಟು ನಿಂತಿರುವವರು ದಲಿತರು, ಕೂಲಿಯವರು, ತುಂಡು ಭೂಮಿಯ ರೈತರು.

ಫಲಿತಾಂಶ ನೋಡಿ, ಎನ್ನುತ್ತಾರೆ. ನೋಡಿದ್ದೇವೆ. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮರಾ ಬಂದಾಗ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ ಶೇಕಡ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಸುರಿದ ಮೇಲೆ. ಸರ್ಕಾರಿ ಶಾಲೆಗಳು ಖಾಸಗಿಯವುಗಳಿಗಿಂತ ಹಿಂದಿದ್ದವು, ನಾವು ಮುಚ್ಚಿಡುವುದಿಲ್ಲ. ಆದರೆ ಜರಡಿ ಹಿಡಿದ ಕೈ ಯಾವುದು? ದುಡ್ಡಿದ್ದವರ ಮಕ್ಕಳು ಮೊದಲೇ ಹೋದರು. ಉಳಿದವರಲ್ಲಿ ಚುರುಕಾದವರನ್ನು ಪ್ರವೇಶ ಪರೀಕ್ಷೆ ಇಟ್ಟು 1986ರಿಂದ ನವೋದಯ, 1996ರಿಂದ ಮೊರಾರ್ಜಿ ವಸತಿ ಶಾಲೆ, 2010ರಿಂದ ಆದರ್ಶ ವಿದ್ಯಾಲಯ ಆರಿಸಿಕೊಂಡವು. ಅಲ್ಲಿ ಸೀಟು ಸಿಕ್ಕ ಬಡವರ ಮಗುವಿನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಮೂರು ಜರಡಿ ಆಡಿಸಿದ ಮೇಲೆ ಉಳಿದ ಮಕ್ಕಳನ್ನು ಮೊದಲ ಸಾಲಿನವರ ಪಕ್ಕ ತಕ್ಕಡಿಗೆ ಹಾಕಿ, ‘ನೋಡಿ, ತೂಕ ಕಡಮೆ’ ಎನ್ನುವ ವ್ಯಾಪಾರದ ಮೇಲೆ ನಮಗೆ ಸಿಟ್ಟಿದೆ.

ಆ ಮಕ್ಕಳಿಗೆ ಪಾಠ ಹೇಳಲು ಕಳಿಸುವುದು ಯಾರನ್ನು? ಅತಿಥಿ ಶಿಕ್ಷಕರನ್ನು. ಎಂಥ ಹೆಸರು! ಶಾಲೆ ತೆರೆದ ಮೇಲೆ ಬರಬೇಕು, ಪರೀಕ್ಷೆ ಮುಗಿದೊಡನೆ ಎದ್ದು ಹೋಗಬೇಕು. 2025ರ ಬಜೆಟ್ಟಿನಲ್ಲಿ ಇವರ ಗೌರವಧನಕ್ಕೆ 2000 ರೂಪಾಯಿ, ಬಿಸಿಯೂಟದ ಅಡಿಗೆಯ ಹೆಂಗಸರಿಗೆ 1000 ರೂಪಾಯಿ ಏರಿಸಿ ಮೇಜು ಕುಟ್ಟಿದರು. 2006ರಲ್ಲಿ ಶುರುವಾದ ಸೈಕಲ್ ಹಂಚಿಕೆ ಕೊರೊನದ ಕಾಲದಲ್ಲಿ ನಿಂತಿತು. ಶಾಲೆಗಳ ಬಾಗಿಲು ಮತ್ತೆ ತೆರೆದಾಗ ಸೈಕಲ್ಲು ಬರಲಿಲ್ಲ. ಎಂಟನೆಯ ತರಗತಿಗೆ ಮೂರು ನಾಲ್ಕು ಮೈಲಿ ನಡೆಯಬೇಕಾದ ಹುಡುಗಿಯನ್ನು ಮನೆಯವರು ರೇಷ್ಮೆ ಹುಳಕ್ಕೆ ಸೊಪ್ಪು ಹಾಕಲು ನಿಲ್ಲಿಸಿಕೊಂಡರೆ, ಆಗ ಬೇಟಿ ಓದಲಿ ಎಂಬ ಗೋಡೆ ಬರಹ ಯಾರಿಗೆ ಬೇಕು?

ಇಂಗ್ಲಿಷ್ ಬೇಕೆನ್ನುವ ತಾಯಿಯನ್ನು ನಾವು ಬಯ್ಯುವುದಿಲ್ಲ. 2014ರ ಮೇ 6ರಂದು ಸುಪ್ರೀಂ ಕೋರ್ಟು, ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಬಲವಂತವಾಗಿ ಹೇರುವಂತಿಲ್ಲವೆಂದು ತೀರ್ಪಿತ್ತಿತು. ಅಂದಿನಿಂದ ಕನ್ನಡವನ್ನು ಹೊರುವ ಕೆಲಸವನ್ನು ಕೂಲಿಯವರ ಮಕ್ಕಳಿಗೆ ಬಿಟ್ಟು, ನವೆಂಬರಿನಲ್ಲಿ ಬಾವುಟ ಹೊರುವ ಕೆಲಸವನ್ನು ಮುಖಂಡರು ಇಟ್ಟುಕೊಂಡಿದ್ದಾರೆ. ಕನ್ನಡ ಮಾಧ್ಯಮವಿದ್ದರೆ ಎಲ್ಲರಿಗೂ ಇರಲಿ. ಇಂಗ್ಲಿಷನ್ನು ಭಾಷೆಯಾಗಿ ಚೆನ್ನಾಗಿ ಕಲಿಸುವ ಖಾಯಂ ಮೇಷ್ಟ್ರು ಪ್ರತಿ ಹೈಸ್ಕೂಲಿಗೂ ಬರಲಿ.

ಎಲ್ಲರಿಗೂ ಒಂದೇ ನೆರೆಹೊರೆಯ ಶಾಲೆ ಎಂಬುದು ನಮ್ಮ ಹುಚ್ಚು ಕನಸಲ್ಲ. 1964-66ರ ಕೊಠಾರಿ ಆಯೋಗ ಅದನ್ನೇ ಶಿಫಾರಸು ಮಾಡಿತು. 2015ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟು, ಖಜಾನೆಯಿಂದ ಸಂಬಳ ಪಡೆಯುವವರೂ ಚುನಾಯಿತರೂ ತಮ್ಮ ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸಬೇಕೆಂದು ಆಜ್ಞೆ ಮಾಡಿತು. ಉತ್ತರ ಪ್ರದೇಶದ ಆಳರಸರು ಅದನ್ನು ಜಾರಿಗೆ ತರಲಿಲ್ಲ. ತಹಸೀಲ್ದಾರರ ಮಗಳು ಕೂರುವ ಶಾಲೆಯಲ್ಲಿ ಶೌಚಾಲಯಕ್ಕೆ ನೀರಿಲ್ಲದೆ ಒಂದು ವಾರ ಕಳೆದೀತೆ? ಶಾಸಕರ ಮಗನ ತರಗತಿಗೆ ಗಣಿತದ ಮೇಷ್ಟ್ರು ಇಲ್ಲದೆ ದಸರಾ ಬಂದೀತೆ?

ಚುನಾವಣೆಗೆ ನಿಲ್ಲುವವರು ಹೆಂಡತಿಯ ಒಡವೆ ಎಷ್ಟು ಗ್ರಾಂ ಎಂಬುದನ್ನೂ ಪ್ರಮಾಣಪತ್ರದಲ್ಲಿ ಬರೆಯುತ್ತಾರೆ. ಮಕ್ಕಳು ಓದುವ ಶಾಲೆಯ ಹೆಸರಿಗೆ ಅದರಲ್ಲಿ ಕಾಲಂ ಇಲ್ಲ. ಕಾಲಂ ಬರುವವರೆಗೆ ಕಾಯುವುದು ಬೇಡ. ಕಿರುಗಾವಲಿನಿಂದ ಬೆಳಕವಾಡಿಯವರೆಗೆ, ಮತ ಕೇಳಲು ಬಂದವರನ್ನು ಜಗಲಿಯ ಮೇಲೆ ಕೂರಿಸಿ, ನೀರು ಕೊಟ್ಟು, ಮೊದಲು ಅದೊಂದನ್ನು ಕೇಳಿ. ಅವರು ಹೇಳಿದ್ದನ್ನು ಬರೆದು ನಮಗೆ ಕಳಿಸಿ; ಊರಿನ ಹೆಸರು ಹಾಕಿ ಈ ಪುಟದಲ್ಲೇ ಅಚ್ಚು ಮಾಡುತ್ತೇವೆ.